ಆಷಾಢದಲ್ಲಿ ಬೋರ್ಡ್ ಇಳಿಸಿದೆ, ಶ್ರಾವಣದಲ್ಲಿ ಮನೆ ಮಾರಿದೆ

ಮೈಸೂರು ಕುವೆಂಪುನಗರದ ನಮ್ಮ 30-40 ಅಡಿ ಸೈಟಿನ ಮನೆ 2025ರ ಆಗಸ್ಟ್‌ನಲ್ಲಿ ಮಾರಾಟವಾಯಿತು. 1 ಕೋಟಿ 17 ಲಕ್ಷ. ಬ್ರೋಕರ್‌ಗೆ ಒಂದು ರೂಪಾಯಿ ಕೊಟ್ಟಿಲ್ಲ. "ಇಷ್ಟು ಹಳೇ ಬಿಲ್ಡಿಂಗು, 95 ದಾಟಲ್ಲ ಸರ್" ಎಂದು ಮೂರು ಜನ ಹೇಳಿದ್ದರು. ಸುತ್ತಲಿನ ಮನೆಗಳ ಮಾರಾಟದ ಲೆಕ್ಕ ಬರೆದಿಟ್ಟಿದ್ದ ನನ್ನ ನೋಟ್‌ಬುಕ್ ನೋಡಿ ನಮ್ಮ ಭಾವ, "ಇದ್ರಲ್ಲಿ ಹಾಲಿನ ಲೆಕ್ಕ ಬರ್ಕೊಳಿ, ಉಪಯೋಗಕ್ಕಾದ್ರೂ ಬರುತ್ತೆ" ಎಂದು ನಕ್ಕಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. 2024ರ ದೀಪಾವಳಿ ಮುಗಿದ ಮೇಲೆ ಬೋರ್ಡ್ ಹಾಕಿದೆ. ಅಕ್ಕಪಕ್ಕದವರ ಬಾಯಿಮಾತು ಕೇಳಿ 1.35 ಹೇಳಿದೆ. ಫೋನೇ ಇಲ್ಲ. ಮುಂಭಾಗಕ್ಕೆ ಬಣ್ಣ ಹೊಡೆಸಿದರೆ ಜನ ಬರುತ್ತಾರೆ ಅಂದರು, 42 ಸಾವಿರ ಹೋಯಿತು. ಬಂದವರೆಲ್ಲ ಬಣ್ಣ ಬಿಟ್ಟು ಬಾತ್‌ರೂಮಿನ ಕೆಳಗಿನ ಸೀಲಿಂಗ್‌ನ ತೇವವನ್ನೇ ನೋಡಿದರು. ಅದನ್ನು ಸರಿಮಾಡಿಸಲು ಆಮೇಲೆ ಹಿಡಿದದ್ದು ಬರೀ ಒಂಬತ್ತು ಸಾವಿರ.

ಫೆಬ್ರವರಿಯಲ್ಲಿ ಒಂದು ಪಾರ್ಟಿ 1.12ಕ್ಕೆ ಒಪ್ಪಿ ಒಂದು ಲಕ್ಷ ಅಡ್ವಾನ್ಸ್ ಕೊಟ್ಟರು. ಬ್ಯಾಂಕಿನ ಇಂಜಿನಿಯರ್ ಬಂದು ಹಿತ್ತಲಲ್ಲಿ ಟೇಪ್ ಹಿಡಿದ. ಒಗೆಯೋ ಕಲ್ಲಿನ ಪಕ್ಕ ಅಪ್ಪ ಕಟ್ಟಿಸಿದ್ದ ಟಾಯ್ಲೆಟ್ ಸೆಟ್‌ಬ್ಯಾಕ್ ಒಳಗಿತ್ತು, ಅಂದರೆ ಮನೆ ಸುತ್ತ ಖಾಲಿ ಬಿಡಲೇಬೇಕಾದ ಜಾಗದಲ್ಲಿ, ಪ್ಲಾನ್‌ನಲ್ಲಿ ಇರಲಿಲ್ಲ. ವ್ಯಾಲ್ಯುಯೇಷನ್ 88ಕ್ಕೆ ಬಂತು, ಪಾರ್ಟಿ ಹಿಂದೆ ಸರಿದರು. ಅಡ್ವಾನ್ಸ್‌ನಲ್ಲಿ ಅರವತ್ತು ಸಾವಿರ ನಾನಾಗಲೇ ಮುಗಿಸಿದ್ದೆ. ಹೆಂಡತಿಯ ಚೀಟಿ ದುಡ್ಡು ತಂದು ವಾಪಸ್ ಕೊಟ್ಟೆ. ಆ ಟಾಯ್ಲೆಟ್ ಒಡೆಸಲು ಎರಡು ದಿನ, ಏಳು ಸಾವಿರ.

ಈಗ ನೋಟ್‌ಬುಕ್ ವಿಷಯ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟ್‌ನಲ್ಲಿ ಇಸಿ ತೆಗೆಯಬಹುದು, ಅಂದರೆ ಆಸ್ತಿಯ ಮೇಲೆ ನಡೆದ ಕ್ರಯ, ಸಾಲಗಳ ಪಟ್ಟಿ. ನಾನು ನಮ್ಮ ಮನೆಯದು ಮಾತ್ರ ಅಲ್ಲ, ಸುತ್ತಲಿನ ನಾಲ್ಕೈದು ಕ್ರಾಸ್‌ಗಳಲ್ಲಿ ಮಾರಾಟವಾದ ಮನೆಗಳದ್ದೂ ತೆಗೆದೆ. ಒಟ್ಟು ಹದಿನಾರೋ ಹದಿನೇಳೋ. ಕ್ರಯಪತ್ರದ ಬೆಲೆ ನಂಬಿದರೆ ಕೆಟ್ಟಿರಿ. ಬಹಳ ಜನ ಗೈಡೆನ್ಸ್ ವ್ಯಾಲ್ಯೂ, ಅಂದರೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆಯ ಹತ್ತಿರಕ್ಕೇ ಬರೆಸಿ ಉಳಿದದ್ದು ಕೈಯಲ್ಲಿ ಕೊಟ್ಟಿರುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಗೈಡೆನ್ಸ್ ವ್ಯಾಲ್ಯೂ ಬದಲಾಯಿತಲ್ಲ, ಅದಕ್ಕೆ ಹಿಂದಿನದನ್ನೆಲ್ಲ ನಾನು ಪಕ್ಕಕ್ಕಿಟ್ಟೆ.

ನಾನು ನೋಡಿದ್ದು ಇಸಿಯಲ್ಲಿ ಕ್ರಯದ ಕೆಳಗಿನ ಎಂಒಡಿ, ಅಂದರೆ ಪತ್ರಗಳನ್ನು ಬ್ಯಾಂಕಿಗೆ ಅಡವಿಟ್ಟ ದಾಖಲೆ, ಅದರಲ್ಲಿನ ಸಾಲದ ಮೊತ್ತ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆ ಬೆಲೆಯ ನೂರಕ್ಕೆ 80 ಮೀರುವಂತಿಲ್ಲ, 75 ಲಕ್ಷ ದಾಟಿದರೆ ನೂರಕ್ಕೆ 75. ಕ್ರಯ 70 ಅಂತ ಇದೆ, ಸಾಲ 68 ಅಂತ ಇದೆ ಅಂದ್ಕೊಳ್ಳಿ. ಬ್ಯಾಂಕಿನ ಲೆಕ್ಕದಲ್ಲೇ ಅದು 85ಕ್ಕೆ ಕಡಿಮೆ ಇಲ್ಲ. ಹೀಗೆ ಹಿಂದಿನಿಂದ ಲೆಕ್ಕ ಹಾಕಿದಾಗ ನಮ್ಮ ಕಡೆ ಜಾಗಕ್ಕೇ ಅಡಿಗೆ ಏಳೂವರೆ ಸಾವಿರದ ಆಸುಪಾಸು ಬಂತು. 1,200 ಅಡಿಗೆ 90 ಲಕ್ಷ. ಹಳೇ ಬಿಲ್ಡಿಂಗ್‌ಗೆ 27 ಹಿಡಿದೆ. ಸಾಲವೇ ಇಲ್ಲದ ಮನೆಗಳ ನಿಜ ಬೆಲೆ ಹೇಗೆ ಹಿಡಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಮನೆಗೆ ಬನ್ನಿ, ಕಾಫಿ ಕುಡೀತಾ ಹೇಳ್ತೀನಿ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಒಂದು ತಿಂಗಳು ಬೋರ್ಡ್‌ನಲ್ಲಿ ಬೆಲೆ ಬರೆಯದೆ, ಇನ್ನೊಂದು ತಿಂಗಳು ಬರೆದು ನೋಡಿದೆ. ಬೆಲೆ ಇಲ್ಲದಾಗ ದಿನಕ್ಕೆ ನಾಲ್ಕೈದು ಫೋನ್, ಮುಕ್ಕಾಲು ಪಾಲು ಬ್ರೋಕರ್‌ಗಳದ್ದೇ. ಬೆಲೆ ಬರೆದಾಗ ವಾರಕ್ಕೆ ಎರಡು ಫೋನ್, ಇಬ್ಬರೂ ಮನೆ ನೋಡಲು ಬಂದರು.

ಆಷಾಢದಲ್ಲಿ ಬೋರ್ಡ್ ಇಳಿಸಿಬಿಟ್ಟೆ. ಆ ತಿಂಗಳು ಕೊಳ್ಳುವವರು ಬರಲ್ಲ, ಚೌಕಾಸಿ ಮಾಡುವವರು ಮಾತ್ರ ಬರುತ್ತಾರೆ. ಬೋರ್ಡ್ ಧೂಳು ತಿಂದಷ್ಟೂ ಮನೆಯ ಬೆಲೆ ಇಳಿಯುತ್ತೆ. ಆ ಬಿಡುವಿನಲ್ಲಿ ಇ-ಖಾತಾ, ಮೂಲಪತ್ರ, ಮೂವತ್ತು ವರ್ಷದ ಇಸಿ, ಪ್ಲಾನ್, ಕಂದಾಯ ರಸೀದಿ ಎಲ್ಲ ಒಂದೇ ಫೈಲಿಗೆ ಹಾಕಿ ನಾಲ್ಕು ಜೆರಾಕ್ಸ್ ಸೆಟ್ ಮಾಡಿಟ್ಟೆ. ಶ್ರಾವಣ ಹುಟ್ಟಿದ ದಿನ 1.22 ಎಂದು ಬರೆದ ಹೊಸ ಬೋರ್ಡ್ ಹಾಕಿದೆ. ವರಮಹಾಲಕ್ಷ್ಮಿ ಹಬ್ಬದ ದಿನ ಒಂದು ದಂಪತಿ ಟೋಕನ್ ಕೊಟ್ಟರು. ಅವರ ಸಾಲ ಮೊದಲೇ ಮಂಜೂರಾಗಿತ್ತು. ಗೌರಿ ಹಬ್ಬಕ್ಕೆ ಮೂರ್ನಾಲ್ಕು ದಿನ ಮುಂಚೆ ನೋಂದಣಿ ಮುಗಿಯಿತು. ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ ಒಂದರಿಂದ ಎರಡಕ್ಕೆ ಏರಿತು ನೋಡಿ, ಅವರಿಗೆ ಲಕ್ಷದ ಮೇಲೆ ಉಳಿಯಿತು. ಅದು ನನ್ನ ಜಾಣತನ ಅಲ್ಲ, ಲಕ್ಕು. ಆದರೂ ಅವರು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದಾಗ ನಾನೇನೂ ಬಿಡಿಸಿ ಹೇಳಲಿಲ್ಲ.

ಕೊಂಡವರು ತೆರಿಗೆಗೆ ಅಂತ ಹಿಡಿದ ಒಂದು ಪರ್ಸೆಂಟ್ ಟಿಡಿಎಸ್, ಆದಾಯ ತೆರಿಗೆ ಇಲಾಖೆಯ ನನ್ನ ಲೆಕ್ಕಪಟ್ಟಿ 26ಎಎಸ್‌ನಲ್ಲಿ ಬಂದಿದೆ. ಮಾರಾಟದ ಲಾಭದ ಮೇಲಿನ ತೆರಿಗೆ ಉಳಿಸಬೇಕಾದರೆ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಬೇಕಲ್ಲ, ಹಾಗಾಗಿ ನೋಟ್‌ಬುಕ್‌ನಲ್ಲಿ ಈಗ ಬೋಗಾದಿ ಕಡೆಯ ಲೆಕ್ಕ ಶುರುವಾಗಿದೆ.