ಎರಡನೆಯ ಕ್ವಾರ್ಟರ್‌ಬ್ಯಾಕ್ ಉಳಿಯುತ್ತಾನೆಯೇ? ಅಮೆರಿಕದ ಕಾಲೇಜು ಫುಟ್‌ಬಾಲ್ ಚರ್ಚೆ ಅರ್ಥವಾಗಲು ಕನ್ನಡಿಗರಿಗೊಂದು ಕೈಪಿಡಿ

ಕೊಲಂಬಸ್, ಆಸ್ಟಿನ್, ಆನ್ ಆರ್ಬರ್‌ನಂಥ ಊರುಗಳಿಗೆ ಓದಿಗೋ ಕೆಲಸಕ್ಕೋ ಬಂದು ನೆಲೆಸಿದ ಕನ್ನಡಿಗರಿಗೆ, ಕಾಲೇಜು ಫುಟ್‌ಬಾಲ್ ಇಲ್ಲಿ ಎಷ್ಟು ದೊಡ್ಡ ಸಂಗತಿ ಎಂಬುದು ಮೊದಲ ವರ್ಷದ ಸೆಪ್ಟೆಂಬರ್‌ನಲ್ಲೇ ಮನವರಿಕೆಯಾಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ಪಂದ್ಯವಿರುವ ಶನಿವಾರ ಅವು ಭರ್ತಿಯಾಗುತ್ತವೆ. ಆಟದ ನಿಯಮಗಳನ್ನು ಒಂದೆರಡು ಪಂದ್ಯ ನೋಡಿ ಕಲಿಯಬಹುದು. ಆದರೆ ಕಚೇರಿಯಲ್ಲಿ ಸಹೋದ್ಯೋಗಿಗಳು ವರ್ಷವಿಡೀ ನಡೆಸುವ ಚರ್ಚೆ ಬೇರೆಯದೇ ಬಗೆಯದು. ಇನ್ನೂ ಹೈಸ್ಕೂಲು ಮುಗಿಸದ ಹದಿನೇಳರ ಹುಡುಗನೊಬ್ಬ ಯಾವ ವಿಶ್ವವಿದ್ಯಾಲಯಕ್ಕೆ ಸೇರುತ್ತಾನೆ, ಅವನು ಬಂದರೆ ಈಗಾಗಲೇ ಬೆಂಚಿನಲ್ಲಿರುವ ಹುಡುಗ ಉಳಿಯುತ್ತಾನೋ ಹೊರಡುತ್ತಾನೋ ಎಂಬ ಲೆಕ್ಕಾಚಾರ, ಮೊನ್ನೆ ಗೆದ್ದ ಪಂದ್ಯಕ್ಕಿಂತ ಹೆಚ್ಚಿನ ಉತ್ಸಾಹದಿಂದ ಅಲ್ಲಿ ನಡೆಯುತ್ತಿರುತ್ತದೆ. ಈ ಲೆಕ್ಕಾಚಾರದ ಹಿಂದಿನ ವ್ಯವಸ್ಥೆಯನ್ನು ವಿವರಿಸುವುದು ಈ ಬರಹದ ಉದ್ದೇಶ.

ಎಲ್ಲಕ್ಕೂ ಮೂಲ ಒಂದೇ: ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಆಡುವವನು ಒಬ್ಬನೇ. ಮಿಕ್ಕ ಬಹುತೇಕ ಸ್ಥಾನಗಳಲ್ಲಿ ಆಟಗಾರರನ್ನು ಪಂದ್ಯದ ನಡುವೆ ಸರದಿಯ ಮೇಲೆ ಬದಲಿಸುತ್ತಾರೆ. ಎರಡನೆಯವನಿಗೂ ಮೂರನೆಯವನಿಗೂ ಒಂದಿಷ್ಟು ಆಟ ಸಿಗುತ್ತದೆ. ತಂಡ ದಾಳಿಗಿಳಿದಾಗ ಪ್ರತಿ ಬಾರಿಯೂ ಚೆಂಡನ್ನು ಮೊದಲು ಪಡೆದು, ಎಸೆಯಬೇಕೋ ಕೊಡಬೇಕೋ ಓಡಬೇಕೋ ಎಂದು ನಿರ್ಧರಿಸುವ ಕ್ವಾರ್ಟರ್‌ಬ್ಯಾಕ್ ಮಾತ್ರ, ಗಾಯಗೊಳ್ಳದಿದ್ದರೆ ಅಥವಾ ತೀರಾ ಕೆಟ್ಟದಾಗಿ ಆಡದಿದ್ದರೆ, ಕೊನೆಯವರೆಗೂ ಮೈದಾನದಲ್ಲಿರುತ್ತಾನೆ. ನಮಗೆ ಇದು ವಿಕೆಟ್‌ಕೀಪರ್‌ಗಳ ಪಾಡನ್ನು ನೆನಪಿಸುತ್ತದೆ: ನಮ್ಮ ಸಯ್ಯದ್ ಕಿರ್ಮಾನಿ 1971ರಲ್ಲೇ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋಗಿದ್ದರೂ, ಫರೂಕ್ ಇಂಜಿನಿಯರ್ ಇದ್ದುದರಿಂದ ಮೊದಲ ಟೆಸ್ಟ್ ಆಡಲು 1976ರವರೆಗೆ ಕಾಯಬೇಕಾಯಿತು. ಕಾಲೇಜು ಹುಡುಗನಿಗೆ ಅಷ್ಟು ಕಾಯುವ ಅವಕಾಶವೂ ಇಲ್ಲ, ಏಕೆಂದರೆ ಅವನು ಕಾಲೇಜಿಗೆ ಸೇರಿದ ದಿನದಿಂದಲೇ ಅವನ ಗಡುವು ಓಡತೊಡಗುತ್ತದೆ.

ಆ ಗಡುವಿನ ನಿಯಮವನ್ನು ತಿಳಿದರೆ ಅರ್ಧ ಚರ್ಚೆ ತಿಳಿದಂತೆ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಪ್ರಕಾರ ಆಟಗಾರನಿಗೆ ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಸೀಸನ್ ಆಡುವ ಹಕ್ಕಿದೆ. ಒಂದು ವರ್ಷ ತಂಡದಲ್ಲಿದ್ದು, ಅಭ್ಯಾಸ ಮಾಡಿ, ಪಂದ್ಯಗಳಿಂದ ದೂರ ಉಳಿದರೆ ಆ ಸೀಸನ್ ಲೆಕ್ಕಕ್ಕೆ ಬರುವುದಿಲ್ಲ. ಇದನ್ನೇ ರೆಡ್‌ಶರ್ಟ್ ಎನ್ನುತ್ತಾರೆ. 2018ರಿಂದ ಈ ನಿಯಮ ಸಡಿಲಗೊಂಡು, ನಾಲ್ಕು ಪಂದ್ಯಗಳವರೆಗೆ ಆಡಿದರೂ ರೆಡ್‌ಶರ್ಟ್ ಉಳಿಯುತ್ತದೆ. ಆದ್ದರಿಂದಲೇ ಅಕ್ಟೋಬರ್ ಬಂತೆಂದರೆ ಅಭಿಮಾನಿಗಳು ಹೊಸ ಹುಡುಗ ಎಷ್ಟು ಪಂದ್ಯಗಳಲ್ಲಿ ಇಳಿದಿದ್ದಾನೆ ಎಂದು ಬೆರಳು ಮಡಿಸಿ ಎಣಿಸತೊಡಗುತ್ತಾರೆ. ಸೋಲುವುದು ಖಚಿತವಾದ ಪಂದ್ಯದಲ್ಲೂ ಕೋಚ್ ಅವನನ್ನು ಯಾಕೆ ಇಳಿಸಲಿಲ್ಲ ಎಂದು ಕೇಳುವವನಿಗೆ ಪಕ್ಕದವನು ಕೊಡುವ ಉತ್ತರವೂ ಸಾಮಾನ್ಯವಾಗಿ ಇದೇ ಎಣಿಕೆ.

ಹುಡುಗರನ್ನು ಆರಿಸಿ ತರುವ ಕ್ರಮ, ಅಂದರೆ ರಿಕ್ರೂಟಿಂಗ್, ಅವರು ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೇ ಶುರುವಾಗಿರುತ್ತದೆ. 247ಸ್ಪೋರ್ಟ್ಸ್, ರೈವಲ್ಸ್, ಇಎಸ್‌ಪಿಎನ್‌ನಂಥ ಸಂಸ್ಥೆಗಳು ಪ್ರತಿ ಹುಡುಗನಿಗೆ ನಕ್ಷತ್ರಗಳನ್ನು ಕೊಡುತ್ತವೆ. ಐದು ನಕ್ಷತ್ರ ಪಡೆಯುವವರು ದೇಶದಾದ್ಯಂತ ವರ್ಷಕ್ಕೆ ಮೂವತ್ತರ ಆಸುಪಾಸು ಮಾತ್ರ. ಕೋಚ್ ಬಾಯಲ್ಲಿ ಹೇಳಿದ ಸ್ಕಾಲರ್‌ಶಿಪ್ ಆಫರ್ ಆಗಲಿ, ಹುಡುಗ ಮಾಧ್ಯಮದ ಮುಂದೆ ಟೋಪಿ ಧರಿಸಿ ಘೋಷಿಸುವ ಕಮಿಟ್‌ಮೆಂಟ್ ಆಗಲಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಡಿಸೆಂಬರ್‌ನ ಸಹಿಯ ದಿನಗಳಲ್ಲಿ ಕಾಗದಕ್ಕೆ ಸಹಿ ಬಿದ್ದ ಮೇಲಷ್ಟೇ ಮಾತಿಗೆ ತೂಕ ಬರುತ್ತದೆ. ಹೆಸರುವಾಸಿಯಾದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಹೆಚ್ಚಿನವರು ಹೈಸ್ಕೂಲನ್ನು ಅರ್ಧ ವರ್ಷ ಮೊದಲೇ ಮುಗಿಸಿ ಜನವರಿಯಲ್ಲೇ ವಿಶ್ವವಿದ್ಯಾಲಯಕ್ಕೆ ಬಂದುಬಿಡುತ್ತಾರೆ, ಏಕೆಂದರೆ ವಸಂತದಲ್ಲಿ ನಡೆಯುವ ಹದಿನೈದು ಅಭ್ಯಾಸಗಳು ತಪ್ಪಿದರೆ ಆಗಸ್ಟ್‌ನಲ್ಲಿ ಪೈಪೋಟಿಗೆ ನಿಲ್ಲುವುದು ಕಷ್ಟ. ನಕ್ಷತ್ರಗಳಿಗೆ ಅತಿಯಾದ ಬೆಲೆ ಕೊಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಸ್ಕಾಲರ್‌ಶಿಪ್ಪಿಲ್ಲದೆ ವಾಕ್‌ಆನ್ ಆಗಿ ಜಾರ್ಜಿಯಾ ತಂಡ ಸೇರಿ, ನಡುವೆ ಒಂದು ವರ್ಷ ಜೂನಿಯರ್ ಕಾಲೇಜಿಗೆ ಹೋಗಿ ಮರಳಿದ ಸ್ಟೆಟ್ಸನ್ ಬೆನೆಟ್ ಅವರೇ ಆ ತಂಡಕ್ಕೆ 2021 ಮತ್ತು 2022ರ ಸೀಸನ್‌ಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟರು.

ಹಿಂದೆ ತಂಡ ಬದಲಿಸುವುದು ದುಬಾರಿಯ ನಿರ್ಧಾರವಾಗಿತ್ತು. ಪದವಿ ಮುಗಿಸದೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋದವನು, ವಿಶೇಷ ವಿನಾಯಿತಿ ಸಿಗದ ಹೊರತು, ಅಲ್ಲಿ ಒಂದು ವರ್ಷ ಆಡದೆ ಕೂರಬೇಕಾಗಿತ್ತು. 2018ರ ಅಕ್ಟೋಬರ್‌ನಲ್ಲಿ, ತಂಡ ಬದಲಿಸಲು ಬಯಸುವ ಆಟಗಾರರ ಆನ್‌ಲೈನ್ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲ್ ಬಂದಿತು. ಅದರಲ್ಲಿ ಹೆಸರು ಬರೆಸಿದರೆ ಸಾಕು, ಹಳೆಯ ಕೋಚ್‌ನ ಅನುಮತಿಯಿಲ್ಲದೆಯೇ ಇತರ ತಂಡಗಳು ಮಾತನಾಡಿಸಬಹುದು. 2021ರಲ್ಲಿ ಒಂದು ಬಾರಿ ಕೂರದೆಯೇ ಹೋಗಲು ಒಪ್ಪಿಗೆ ಸಿಕ್ಕಿತು, 2024ರಲ್ಲಿ ಓದಿನ ಅಂಕಗಳು ಸರಿಯಿದ್ದರೆ ಎಷ್ಟು ಬಾರಿಯಾದರೂ ಹೋಗಬಹುದೆಂದಾಯಿತು. ಮೊದಲು ಚಳಿಗಾಲದಲ್ಲೊಮ್ಮೆ ವಸಂತದಲ್ಲೊಮ್ಮೆ ತೆರೆಯುತ್ತಿದ್ದ ಈ ಬಾಗಿಲು, 2026ರಲ್ಲಿ ಜನವರಿ 2ರಿಂದ 16ರವರೆಗೆ ಮಾತ್ರ ತೆರೆಯುವಂತೆ ನಿಗದಿಯಾಯಿತು.

ಇದೆಲ್ಲ ಒಂದೇ ತಂಡದಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ನೋಡಲು ಕೊಲಂಬಸ್‌ನ ಓಹಾಯೋ ಸ್ಟೇಟ್ ತಂಡಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಜೋ ಬರೋ 2015ರಲ್ಲಿ ಅಲ್ಲಿ ಸೇರಿ, ಮೊದಲ ವರ್ಷ ರೆಡ್‌ಶರ್ಟ್ ಆಗಿ, ಮುಂದಿನ ಎರಡು ವರ್ಷ ಬದಲಿ ಆಟಗಾರನಾಗಿ ಕಳೆದರು. ಆಮೇಲೆ ಬರೋ ಅವರನ್ನು ಡ್ವೇನ್ ಹ್ಯಾಸ್ಕಿನ್ಸ್ ಹಿಂದಿಕ್ಕಿದರು. ಅಷ್ಟರಲ್ಲಿ ಪದವಿ ಮುಗಿದಿದ್ದ ಕಾರಣ ಬರೋ ಒಂದು ವರ್ಷ ಕೂರುವ ಶಿಕ್ಷೆಯಿಲ್ಲದೆ, ಕೈಯಲ್ಲಿ ಎರಡು ಸೀಸನ್ ಉಳಿಸಿಕೊಂಡು, 2018ರಲ್ಲಿ ಲೂಯಿಸಿಯಾನಾದ ಎಲ್‌ಎಸ್‌ಯು ವಿಶ್ವವಿದ್ಯಾಲಯಕ್ಕೆ ಹೋದರು. 2019ರಲ್ಲಿ 60 ಟಚ್‌ಡೌನ್ ಪಾಸ್‌ಗಳೊಂದಿಗೆ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನೂ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದರು. ಅದೇ ವರ್ಷ ಓಹಾಯೋ ಸ್ಟೇಟ್ ಪರ ಆಡುತ್ತಿದ್ದ ಜಸ್ಟಿನ್ ಫೀಲ್ಡ್ಸ್, ಜಾರ್ಜಿಯಾದಲ್ಲಿ ಜೇಕ್ ಫ್ರಾಮ್ ಅವರ ಹಿಂದೆ ಕೂತು ಬೇಸತ್ತು ಬಂದವರು. ಒಂದು ಕಡೆ ಎರಡನೆಯವನು, ಇನ್ನೊಂದು ಕಡೆ ಮೊದಲಿಗ!

2021ರಲ್ಲಿ ಕ್ವಿನ್ ಯುವರ್ಸ್ ಎಂಬ ಐದು ನಕ್ಷತ್ರದ ಹುಡುಗ, ಟೆಕ್ಸಸ್‌ನಲ್ಲಿ ಹೈಸ್ಕೂಲು ಆಟಗಾರರು ಜಾಹೀರಾತಿನ ಹಣ ಪಡೆಯುವಂತಿರಲಿಲ್ಲವಾದ್ದರಿಂದ, ಹೈಸ್ಕೂಲಿನ ಕೊನೆಯ ವರ್ಷವನ್ನೇ ಬಿಟ್ಟು ಕೊಲಂಬಸ್‌ಗೆ ಬಂದರು. ಸಿ.ಜೆ. ಸ್ಟ್ರೌಡ್ ಮುಂದಿದ್ದರು. ಇಡೀ ಸೀಸನ್‌ನಲ್ಲಿ ಯುವರ್ಸ್‌ಗೆ ಸಿಕ್ಕಿದ್ದು ಎರಡೇ ಸ್ನ್ಯಾಪ್, ಅಂದರೆ ಎರಡೇ ಬಾರಿ ಚೆಂಡು. ಅವೆರಡರಲ್ಲೂ ಚೆಂಡನ್ನು ಪಕ್ಕದವನ ಕೈಗಿತ್ತದ್ದಷ್ಟೇ. ವರ್ಷ ಮುಗಿಯುವುದರೊಳಗೆ ಅವರು ಟೆಕ್ಸಸ್‌ಗೆ ಮರಳಿ ಅಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಸೇರಿದರು. ಸ್ಟ್ರೌಡ್ ನಂತರ 2023ರಲ್ಲಿ ಆಡಿದ ಕೈಲ್ ಮಕಾರ್ಡ್ ಮಿಷಿಗನ್ ಎದುರಿನ ಸೋಲೊಂದನ್ನು ಬಿಟ್ಟು ಲೀಗಿನ ಎಲ್ಲ ಪಂದ್ಯ ಗೆದ್ದಿದ್ದರೂ ಡಿಸೆಂಬರ್‌ನಲ್ಲಿ ಸಿರಾಕ್ಯೂಸ್‌ಗೆ ಹೊರಟರು, ಮರುವರ್ಷ 4,779 ಗಜಗಳ ಪಾಸ್‌ಗಳೊಂದಿಗೆ ದೇಶದಲ್ಲೇ ಮೊದಲಿಗರಾದರು. ಅವರ ಜಾಗಕ್ಕೆ ಕೋಚ್ ರಯಾನ್ ಡೇ ಕ್ಯಾನ್ಸಸ್ ಸ್ಟೇಟ್‌ನಿಂದ ಅನುಭವಿ ವಿಲ್ ಹೊವರ್ಡ್ ಅವರನ್ನು ಪೋರ್ಟಲ್ ಮೂಲಕ ಕರೆತಂದು, 2025ರ ಜನವರಿಯಲ್ಲಿ ನೋಟ್ರ ಡೇಮ್ ವಿರುದ್ಧ 34–23ರಿಂದ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಹುಡುಗ ಹೊರಟಾಗ ನಿಷ್ಠೆಯಿಲ್ಲದವನೆಂದು ಬೈಯುವ ಅಭಿಮಾನಿಗಳೇ, ಕೋಚ್ ಹೊರಗಿನವನನ್ನು ತಂದು ಸರದಿಯಲ್ಲಿದ್ದವರ ಮುಂದೆ ನಿಲ್ಲಿಸಿದಾಗ ಜಾಣತನವೆಂದು ಹೊಗಳುತ್ತಾರೆ; ಈ ಇಬ್ಬಂದಿತನ ಕೇಳಿ ಕೇಳಿ ನನಗೆ ರೂಢಿಯಾಗಿದೆ.

ಕಾದು ಗೆದ್ದವರೂ ಇದ್ದಾರೆ. ಹೆಸರಾಂತ ವೃತ್ತಿಪರ ಕ್ವಾರ್ಟರ್‌ಬ್ಯಾಕ್‌ಗಳಾಗಿದ್ದ ಪೇಟನ್ ಮತ್ತು ಈಲೈ ಮ್ಯಾನಿಂಗ್ ಅವರ ಅಣ್ಣನ ಮಗ ಆರ್ಚ್ ಮ್ಯಾನಿಂಗ್, 2023ರಲ್ಲಿ ಟೆಕ್ಸಸ್ ಸೇರಿ, ಮೇಲೆ ಹೇಳಿದ ಯುವರ್ಸ್ ಅವರ ಹಿಂದೆ ಎರಡು ಸೀಸನ್ ಕಾದರು. ಆ ನಡುವೆ ಅವರಿಗಿಂತ ಮುಂದಿದ್ದ ಮಾಲಿಕ್ ಮರ್ಫಿ ಡ್ಯೂಕ್‌ಗೆ ಹೊರಟುದರಿಂದ ಮೂರನೆಯವರು ಎರಡನೆಯವರಾದರು. ಕೊಲಂಬಸ್‌ನಲ್ಲಿ ಜೂಲಿಯನ್ ಸೇಯಿನ್ ಅವರದು ಇನ್ನೊಂದು ಬಗೆ: ಅಲಬಾಮಾಕ್ಕೆ ಸೇರಿದ ಬೆನ್ನಿಗೇ, 2024ರ ಜನವರಿಯಲ್ಲಿ ಕೋಚ್ ನಿಕ್ ಸೇಬನ್ ನಿವೃತ್ತರಾದುದರಿಂದ, ಒಂದು ಪಂದ್ಯವನ್ನೂ ಆಡದೆ ಓಹಾಯೋ ಸ್ಟೇಟ್‌ಗೆ ಬಂದು, ಹೊವರ್ಡ್ ಹಿಂದೆ ಒಂದು ವರ್ಷ ರೆಡ್‌ಶರ್ಟ್ ಆದರು. 2025ರ ಆಗಸ್ಟ್ 30ರಂದು ಹೀಗೆ ಕಾದಿದ್ದ ಈ ಇಬ್ಬರೇ ಎದುರೆದುರಾದರು. ಓಹಾಯೋ ಸ್ಟೇಟ್ 14–7ರಿಂದ ಗೆದ್ದಿತು. ಆ ದಿನ ಸೇಯಿನ್ ಹಿಂದೆ ಓಹಾಯೋದವರೇ ಆದ, ಐದು ನಕ್ಷತ್ರದ ಟಾವಿಯನ್ ಸೇಂಟ್ ಕ್ಲೇರ್ ಕಾದು ನಿಂತಿದ್ದರು.

ಆಟದ ಅವಕಾಶ ನಿಜವಾಗಿ ಹಂಚಿಕೆಯಾಗುವುದು ಶನಿವಾರದ ಪಂದ್ಯದಲ್ಲಲ್ಲ, ವಾರದ ಅಭ್ಯಾಸದಲ್ಲಿ. ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಬೇರೆ ಬಣ್ಣದ ಜೆರ್ಸಿ ತೊಡಿಸಿರುತ್ತಾರೆ, ಅವರನ್ನು ಯಾರೂ ಕೆಡವುವಂತಿಲ್ಲ. ಮೊದಲ ತಂಡದೊಂದಿಗೆ ಯಾರಿಗೆ ಎಷ್ಟು ಬಾರಿ ಚೆಂಡು ಸಿಕ್ಕಿತು ಎಂಬುದೇ ಅಲ್ಲಿ ಎಣಿಕೆಗೆ ಬರುವ ಸಂಗತಿ. ಸೀಸನ್ ಶುರುವಾದ ಮೇಲೆ ಈ ಬಾರಿಗಳಲ್ಲಿ ಬಹುಪಾಲು ಮೊದಲಿಗನ ಪಾಲಾಗುತ್ತವೆ. ಎರಡನೆಯವನು ಹೆಚ್ಚಾಗಿ ನೋಡುತ್ತ, ಕೈಸನ್ನೆಗಳನ್ನು ಕಲಿಯುತ್ತ ನಿಲ್ಲುತ್ತಾನೆ. ಹೀಗಾಗಿ ನಿರ್ಧಾರವೆಲ್ಲ ಆಗಸ್ಟ್‌ನ ಶಿಬಿರದಲ್ಲೇ ಆಗಿಬಿಡುತ್ತದೆ. ಪ್ರತಿ ಸ್ಥಾನಕ್ಕೆ ಮೊದಲಿಗ ಯಾರು, ಎರಡನೆಯವ ಯಾರು ಎಂದು ತೋರಿಸಿ ಮೊದಲ ಪಂದ್ಯಕ್ಕೆ ಮುನ್ನ ಕೋಚ್ ಹೊರಡಿಸುವ ಪಟ್ಟಿಯಾದ ಡೆಪ್ತ್ ಚಾರ್ಟ್‌ನಲ್ಲಿ ಕೆಲವೊಮ್ಮೆ ಎರಡು ಹೆಸರುಗಳ ನಡುವೆ ‘ಅಥವಾ’ ಎಂದು ಅಚ್ಚಾಗಿರುತ್ತದೆ. ಇಬ್ಬರೂ ಸಮಾನರೆಂದು ಅದನ್ನು ಓದುವುದು ಮುಗ್ಧತನ. ಎರಡನೆಯವನು ಇನ್ನೂ ಕೆಲವು ವಾರ ಊರು ಬಿಡದಿರಲಿ ಎಂದು ಕೋಚ್ ಬರೆಸಿದ ಪದ ಅದು ಎಂದು ಅನುಭವಿ ಅಭಿಮಾನಿಗಳು ನಗುತ್ತ ಹೇಳುತ್ತಾರೆ.

ಇದಕ್ಕೆಲ್ಲ ಈಗ ಹಣವೂ ಕೂಡಿಕೊಂಡಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು, ಇದೇ ಎನ್‌ಐಎಲ್. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ‘ಹೌಸ್’ ಎಂದು ಹೆಸರಾದ ಮೊಕದ್ದಮೆಯ ಇತ್ಯರ್ಥದ ಪ್ರಕಾರ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಪ್ರತಿ ವಿಶ್ವವಿದ್ಯಾಲಯಕ್ಕೆ, ಎಲ್ಲ ಕ್ರೀಡೆಗಳೂ ಸೇರಿ, ಸುಮಾರು 2.05 ಕೋಟಿ ಡಾಲರ್. ಫುಟ್‌ಬಾಲ್‌ನ 85 ಸ್ಕಾಲರ್‌ಶಿಪ್‌ಗಳ ಹಳೆಯ ಮಿತಿಯ ಬದಲು 105 ಆಟಗಾರರ ಮಿತಿ ಬಂದಿದೆ. 2025ರ ಏಪ್ರಿಲ್‌ನಲ್ಲಿ ಟೆನೆಸಿಯ ಮೊದಲಿಗ ನಿಕೊ ಯಾಮಲಿಯಾವ, ಹಣದ ಮಾತುಕತೆ ಮುರಿದುಬಿತ್ತೆಂಬ ವರದಿಗಳ ನಡುವೆ, ವಸಂತದ ಪಂದ್ಯದ ಮುನ್ನಾದಿನಗಳಲ್ಲಿ ತಂಡ ಬಿಟ್ಟು ಯುಸಿಎಲ್‌ಎ ಸೇರಿದರು. ಆಗಷ್ಟೇ ಯುಸಿಎಲ್‌ಎಗೆ ಬಂದು ವಸಂತದ ಅಭ್ಯಾಸ ಮಾಡುತ್ತಿದ್ದ ಜೋಯಿ ಅಗಿಲಾರ್ ಅಲ್ಲಿಂದ ಹೊರಟು ಅದೇ ಟೆನೆಸಿಯ ಖಾಲಿ ಜಾಗಕ್ಕೆ ಬಂದು 2025ರ ಸೀಸನ್ ಆಡಿದರು. ಇಬ್ಬರು ಹುಡುಗರು ಮನೆ ಅದಲುಬದಲು ಮಾಡಿಕೊಂಡಂತೆ ನಡೆದ ಈ ಪ್ರಸಂಗದ ಮಾತು ಬಂದರೆ ಟೆನೆಸಿಯವರ ಊಟದ ಹೊತ್ತು ಸಾಲದು.

ನಮ್ಮವರ ಮಕ್ಕಳಲ್ಲಿ ಯಾರಾದರೂ ಈ ದಾರಿ ಹಿಡಿದರೆ ತಂದೆತಾಯಿ ಗಮನಿಸಬೇಕಾದ ಸಂಗತಿಗಳು ಬೇರೆ ಇವೆ. ಎನ್‌ಸಿಎಎಯ ಮೂರು ಶ್ರೇಣಿಗಳಲ್ಲಿ ಮೇಲಿನದಾದ ಡಿವಿಷನ್ ಒಂದರಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಮುಖ್ಯ ವಿಷಯಗಳ ಕೋರ್ಸ್‌ಗಳನ್ನು ಕನಿಷ್ಠ 2.3 ಸರಾಸರಿಯೊಂದಿಗೆ ಮುಗಿಸಿರಬೇಕು. ನಮ್ಮ ಮನೆಗಳಲ್ಲಿ ಇದು ಸಾಮಾನ್ಯವಾಗಿ ತೊಡಕಾಗದು. ಡಿವಿಷನ್ ಮೂರರ ಕಾಲೇಜುಗಳೂ ಐವಿ ಲೀಗ್ ಕಾಲೇಜುಗಳೂ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದಿಲ್ಲ. ನಿಜವಾದ ತೊಡಕಿರುವುದು ವೀಸಾದಲ್ಲಿ. ಎಚ್-1ಬಿ ಪೋಷಕರ ಮಗ ಎಚ್-4ನಲ್ಲಿದ್ದರೆ ಅವನು ದುಡಿದು ಹಣ ಪಡೆಯುವಂತಿಲ್ಲ, ಮತ್ತು ಇಪ್ಪತ್ತೊಂದು ತುಂಬಿದೊಡನೆ ಆ ಸ್ಥಿತಿ ಮುಗಿದು ಎಫ್-1ನಂಥ ಬೇರೆ ವೀಸಾಕ್ಕೆ ಬದಲಾಗಬೇಕು. ಹದಿನೆಂಟರಲ್ಲಿ ಸೇರಿ ಒಂದು ವರ್ಷ ರೆಡ್‌ಶರ್ಟ್ ಆದವನ ಮುಂದಿನ ಸೀಸನ್‌ಗಳಲ್ಲಿ ಸುಮಾರು ಅರ್ಧದಷ್ಟು ಆ ವಯಸ್ಸಿನ ಆಚೆಗೆ ಬೀಳುತ್ತವೆ. ಸಹ ಆಟಗಾರರಿಗೆ ರೆಡ್‌ಶರ್ಟ್ ಎಂದರೆ ಒಂದು ವರ್ಷದ ಲಾಭ, ಇವನಿಗೆ ಅದು ಕಾಗದಪತ್ರದ ಪ್ರಶ್ನೆಯೂ ಹೌದು. ಎಫ್-1ನಲ್ಲೂ ಕೆಲಸದ ಮೇಲೆ ಬಿಗಿಯಾದ ನಿರ್ಬಂಧಗಳಿವೆ. ಸ್ಕಾಲರ್‌ಶಿಪ್ ಪಡೆಯಲು ಅಡ್ಡಿಯಿಲ್ಲ, ಆದರೆ ಎನ್‌ಐಎಲ್ ಒಪ್ಪಂದಕ್ಕಾಗಲಿ ವಿಶ್ವವಿದ್ಯಾಲಯ ಕೊಡುವ ಪಾಲಿಗಾಗಲಿ ಸಹಿ ಹಾಕುವ ಮುನ್ನ ವಲಸೆ ಕಾನೂನಿನ ವಕೀಲರನ್ನು ಕಾಣಲೇಬೇಕು. ಕಾಲೇಜಿನ ಕ್ರೀಡಾ ವಿಭಾಗದವರು ಸರಿಯೆಂದರೆ ಸಾಲದು.

ಮನೆಗೆ ಬಂದ ಕೋಚ್ ಸೌಲಭ್ಯಗಳ ಬಗ್ಗೆ, ಊಟದ ಹಾಲಿನ ಬಗ್ಗೆ, ಗೆದ್ದ ಪ್ರಶಸ್ತಿಗಳ ಬಗ್ಗೆ ಎಷ್ಟು ಹೊತ್ತಾದರೂ ಮಾತನಾಡುತ್ತಾರೆ. ಅವರಿಗೆ ಕಾಫಿ ಕೊಟ್ಟು ಸಂಕೋಚವಿಲ್ಲದೆ ಕೇಳಬೇಕಾದದ್ದಿಷ್ಟು: ನಿಮ್ಮಲ್ಲಿ ಈಗ ಎಷ್ಟು ಕ್ವಾರ್ಟರ್‌ಬ್ಯಾಕ್‌ಗಳಿದ್ದಾರೆ, ಒಬ್ಬೊಬ್ಬರ ಬಳಿ ಇನ್ನೆಷ್ಟು ಸೀಸನ್ ಉಳಿದಿವೆ, ನಮ್ಮ ಹುಡುಗನ ವರ್ಷಕ್ಕೇ ಇನ್ನೊಬ್ಬನನ್ನು ತರುತ್ತಿದ್ದೀರಾ, ಮೊದಲಿಗ ಹೊರಟರೆ ಎರಡನೆಯವನನ್ನು ಆಡಿಸುತ್ತೀರೋ ಪೋರ್ಟಲ್‌ಗೆ ಹೋಗುತ್ತೀರೋ. ಕೊನೆಯ ಪ್ರಶ್ನೆಗೆ ಅವರು ಏನು ಉತ್ತರ ಕೊಟ್ಟರೂ, ಕಳೆದ ಮೂರು ಜನವರಿಗಳಲ್ಲಿ ಆ ತಂಡ ಯಾರನ್ನು ಕರೆತಂದಿತು ಎಂದು ಅಂದು ರಾತ್ರಿಯೇ ನೋಡಿಕೊಳ್ಳಿ.