ನಗು ನನ್ನ ಹೊಟ್ಟೆ ಮೇಲಲ್ಲ, ದರ್ಬುಕದವನ ಮೇಲೆ

ದಪ್ಪಗಿರುವವಳು ಸ್ಟೇಜ್ ಮೇಲೆ ನಗಿಸಲು ಹೋದರೆ ಜೋಕರ್ ಆಗಿಬಿಡುತ್ತಾಳೆ, ಆಮೇಲೆ ಅವಳನ್ನು ಯಾರೂ ಡಾನ್ಸರ್ ಅಂತ ಕರೆಯುವುದಿಲ್ಲ. ನನಗೆ ಬೆಲ್ಲಿ ಡಾನ್ಸ್ ಕಲಿಸಿದವರು ಹೇಳಿದ ಮಾತು ಇದು. ಜೊತೆಗೆ ಕಲಿತವರೂ ಅದನ್ನೇ ಹೇಳಿದರು, ಸ್ವಲ್ಪ ಮೆತ್ತಗೆ. ಈಗ ಅವರೇ ನನ್ನ ಡ್ರಮ್ ಸೋಲೊ (ದರ್ಬುಕ ಎಂಬ ಅರಬ್ ಡೋಲಿನ ಬಡಿತಕ್ಕಷ್ಟೇ ಕುಣಿಯುವ ಐಟಂ) ವಿಡಿಯೊ ಕಳಿಸು ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ಕೈಕೊಟ್ಟಿದ್ದನ್ನು ಹೇಳುತ್ತೇನೆ. ಶುರುವಿನ ಐಟಂನಲ್ಲಿ ಹೊಟ್ಟೆಯೇ ಜೋಕು. ವೇಲ್ ಸೊಂಟಕ್ಕೆ ಕಟ್ಟಲು ಹೋಗುವುದು, ಅದು ಸಾಲದೆ ಬರುವುದು, ನಾನು ಹೊಟ್ಟೆ ತಟ್ಟಿಕೊಂಡು ಮುಖ ಸಪ್ಪಗೆ ಮಾಡುವುದು. ಜನ ಬಿದ್ದು ಬಿದ್ದು ನಕ್ಕರು. ತೊಂದರೆ ಏನೆಂದರೆ ಆ ನಗು ಒಮ್ಮೆ ಶುರುವಾದರೆ ಮುಗಿಯುವುದೇ ಇಲ್ಲ. ಒಂದೇ ವಾದ್ಯ ಆಲಾಪದ ಹಾಗೆ ನುಡಿಯುವ ತಕ್ಸೀಮ್‌ನಲ್ಲಿ ನಿಧಾನವಾಗಿ ಸೊಂಟದಲ್ಲಿ ಎಂಟು ಬರೆಯುತ್ತಿದ್ದರೂ ನಗುತ್ತಾರೆ. ಸುಮ್ನೆ ಕೈ ಎತ್ತಿದರೂ ನಗುತ್ತಾರೆ. ದುಡ್ಡಿನ ಹೊಡೆತ ಇನ್ನೂ ಜೋರು. ಕಾರ್ಯಕ್ರಮದವರು ನನ್ನನ್ನು ಕಾಮಿಡಿ ಪಟ್ಟಿಗೆ ಸೇರಿಸಿದರು. ಡಾನ್ಸರ್‌ಗೆ ಕೊಡುವುದರಲ್ಲಿ ಹೆಚ್ಚುಕಡಿಮೆ ಅರ್ಧ ಕೊಟ್ಟರು. ಒಬ್ಬರಂತೂ, ಮುಖ್ಯ ಡಾನ್ಸರ್ ಬಟ್ಟೆ ಬದಲಿಸುವ ತನಕ ಜನ ಏಳದ ಹಾಗೆ ನೋಡಿಕೊಳ್ಳಿ ಸಾಕು ಅಂದರು.

ಆಮೇಲೆ ಪೂರ್ತಿ ಉಲ್ಟಾ ಹೋದೆ. ನಗುವೇ ಬೇಡ, ಮೈಯೆಲ್ಲ ಮುಚ್ಚು, ಗಂಭೀರವಾಗಿ ಕುಣಿ. ಚಪ್ಪಾಳೆ ಬಂತು, ಆದರೆ ಪಾಪ ಅನ್ನುವ ಥರದ್ದು. "ಎಷ್ಟು ಧೈರ್ಯ ನಿಮಗೆ!" ಅಂತ ಕೈ ಹಿಡಿದು ಹೇಳುತ್ತಿದ್ದರು. ಕುಣಿತದ ಬಗ್ಗೆ ಒಂದು ಮಾತಿಲ್ಲ. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಇನ್ನೊಂದು ದಾರಿ ಈಜಿಪ್ಟಿನ ಹೆಸರಾಂತ ಡಾನ್ಸರ್ ಫೀಫೀ ಅಬ್ದು ಅವರದು. ಗಲಾಬಿಯಾ ಎಂಬ ಉದ್ದ ನಿಲುವಂಗಿ ಹಾಕಿ, ಸ್ಟೇಜ್ ಮೇಲೆಯೇ ಶೀಶಾ (ಹುಕ್ಕಾ) ಸೇದುತ್ತಾ, ಎದುರಿಗಿದ್ದವರನ್ನು ಗೋಳು ಹುಯ್ದುಕೊಳ್ಳುತ್ತಿದ್ದವರು ಅವರು. ತುಂಬಿದ ಮೈ, ಆದರೂ ಅವರ ಮೈ ಬಗ್ಗೆ ತಮಾಷೆ ಮಾಡುವ ದಮ್ಮು ಯಾರಿಗಿತ್ತು? ನಾನೂ ಒಂದು ಶೀಶಾ ತಂದೆ. ಅರ್ಧ ಶೋನ ದುಡ್ಡು ಅದಕ್ಕೇ ಹೋಯಿತು. ಕೊಳವೆ ಬೆಲ್ಟಿನಿಂದ ಜೋತಾಡುವ ಕುಚ್ಚಿನ ಫ್ರಿಂಜ್‌ಗೆ ಸಿಕ್ಕಿ, ಬಿಡಿಸುವಷ್ಟರಲ್ಲಿ ಹಾಡೇ ಮುಗಿಯಿತು. ಅವರ ಗತ್ತು ಈಜಿಪ್ಟಿನ ಜನಪದ ಶೈಲಿಯ ಬಲದಿ ಸಂಗೀತದಲ್ಲಿ ಮಿಂದೆದ್ದ ಜನರ ಮುಂದೆ ನಡೆಯುತ್ತದೆ. ನನ್ನ ಮುಂದಿದ್ದವರಿಗೆ ಅದು ಬರೀ ಹೊಗೆ.

ಕೊನೆಗೆ ಕೈಹಿಡಿದದ್ದು ನಾನು ವರ್ಷಗಟ್ಟಲೆ ಅಡಗಿಸಲು ಒದ್ದಾಡಿದ್ದೇ. ನನ್ನಂಥ ಮೈಯಲ್ಲಿ ಶಿಮ್ಮಿ (ಸೊಂಟವನ್ನು ಬಿಡದೆ ವೇಗವಾಗಿ ನಡುಗಿಸುವುದು) ನಿಲ್ಲಿಸಿದ ತಕ್ಷಣ ನಿಲ್ಲುವುದಿಲ್ಲ. ಮಂಡಿ ನಿಂತಿರುತ್ತದೆ, ಸೊಂಟ ನಿಂತಿರುತ್ತದೆ, ಹೊಟ್ಟೆ ಮಾತ್ರ ಇನ್ನೊಂದು ಅರ್ಧ ಸೆಕೆಂಡು ತನ್ನ ಪಾಡಿಗೆ ನಡುಗುತ್ತಿರುತ್ತದೆ. ತೆಳ್ಳಗಿನವರಿಗೆ ಈ ಸೌಲಭ್ಯ ಇಲ್ಲ.

ದರ್ಬುಕದವನು ಉದ್ದಕ್ಕೆ ಬಿಡದೆ ರೋಲ್ ನುಡಿಸಿ, ದಪ್ಪ ದನಿಯ ಒಂದು ದುಮ್ ಹೊಡೆದು ಕೈ ಎತ್ತುತ್ತಾನೆ. ನಾನು ಅಲ್ಲಾಡದೆ ನಿಲ್ಲುತ್ತೇನೆ. ಹೊಟ್ಟೆ ನಡುಗುತ್ತಲೇ ಇದೆ. ನಾನು ಅದನ್ನು ನೋಡುವುದಿಲ್ಲ, ಇದು ಮುಖ್ಯ. ಕತ್ತು ತಿರುಗಿಸಿ ಅವನನ್ನು ನೋಡುತ್ತೇನೆ, ಲೆಕ್ಕ ತಪ್ಪಿದ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ. ಅವನು ಗಾಬರಿಬಿದ್ದು ಉಳಿದ ನಡುಕಕ್ಕೆ ಬೆರಳ ತುದಿಯಲ್ಲಿ ತೆಕ್ ತೆಕ್ ತೆಕ್ ನುಡಿಸುತ್ತಾನೆ. ಹೊಟ್ಟೆ ನಿಂತ ಮೇಲೆಯೇ ಅವನೂ ನಿಲ್ಲಿಸುತ್ತಾನೆ. ಸರಿ ಅಂತ ತಲೆಯಾಡಿಸಿ ನಾನು ಮುಂದಕ್ಕೆ ಹೋಗುತ್ತೇನೆ. ಜನ ನಗುವುದು ಅವನ ಪೇಚಾಟಕ್ಕೆ. ಹೊಟ್ಟೆ ಇಲ್ಲಿ ಯಜಮಾನಿ.

ಎರಡನೇ ಸಲ ಅವನು ಹುಷಾರಾಗಿ ಮೊದಲೇ ತೆಕ್ ತೆಕ್ ಶುರುಮಾಡುತ್ತಾನೆ. ನಾನು ಉಸಿರು ಬಿಟ್ಟು ಹೊಟ್ಟೆ ಬಿಗಿಹಿಡಿದು ಗಕ್ಕನೆ ನಿಂತುಬಿಡುತ್ತೇನೆ. ಅವನೊಬ್ಬನೇ ನುಡಿಸುತ್ತಾ ಸಿಕ್ಕಿಬೀಳುತ್ತಾನೆ. ಮೂರನೆಯದಕ್ಕೆ ಜನ ಕಾಯುತ್ತಿರುತ್ತಾರೆ. ಕೊಡುವುದಿಲ್ಲ. ಅಲ್ಲಿಂದ ಕೊನೆವರೆಗೆ ಬರೀ ಕುಣಿತ, ಒಂದು ಚೂರೂ ತಮಾಷೆ ಇಲ್ಲ. ಆಗ ಯಾರೂ ನಗುವುದಿಲ್ಲ ನೋಡಿ!

ಅರ್ಧ ಸೆಕೆಂಡಿನ ನಡುಕವನ್ನು ಮೂರ್ನಾಲ್ಕು ಸೆಕೆಂಡಿಗೆ ಎಳೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದು ನನ್ನ ಅನ್ನ, ಹೇಳುವುದಿಲ್ಲ. ನಾನು ಯಾಕೆ ನೆಲ ಮುಟ್ಟುವ ಲಂಗವನ್ನೇ ಹಾಕುತ್ತೇನೆ ಅಂತ ಯೋಚಿಸಿ.

ನಗುವಿನ ಅಳತೆಗೆ ಒಂದಷ್ಟು ದಿನ ದರ್ಬುಕದ ಪಕ್ಕ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಒಳ್ಳೆಯ ನಗು ಸುಮಾರು ನಾಲ್ಕೈದು ಸೆಕೆಂಡು ಇರುತ್ತದೆ. ಅದು ಅರ್ಧಕ್ಕೆ ಇಳಿದಾಗ ಮುಂದಿನ ಹೆಜ್ಜೆ ಇಡಬೇಕು. ಪೂರ್ತಿ ಇಳಿಯುವ ತನಕ ಕಾದರೆ ನಗುವನ್ನು ಬೇಡುತ್ತಾ ನಿಂತ ಹಾಗೆ ಕಾಣುತ್ತದೆ.

ಬಟ್ಟೆಗೆ ಸುರಿದ ದುಡ್ಡು ಕೇಳಬೇಡಿ. ರೆಡಿಮೇಡ್ ಬೆಲ್ಟ್ ನೇರ ಪಟ್ಟಿ. ನಮ್ಮಂಥವರ ಸೊಂಟದಲ್ಲಿ ಎರಡು ಶಿಮ್ಮಿಗೆ ಮೇಲಕ್ಕೆ ಹತ್ತುತ್ತದೆ. ಬಾಗಿಸಿ ಕತ್ತರಿಸಿ, ಮುಂದೊಂದು ಹಿಂದೊಂದು ತುಂಡು ಮಾಡಿ, ಪಕ್ಕಕ್ಕೆ ಹುಕ್ ಹಾಕಿದ ಮೇಲೆ ಕೂತಿತು. ಬ್ರಾ ಪಟ್ಟಿಯ ಎಲಾಸ್ಟಿಕ್ ಕಿತ್ತು ಗಟ್ಟಿ ಟೇಪ್ ಹೊಲಿಸಿ, ಇಲ್ಲದಿದ್ದರೆ ಭುಜದ ಕೆಲಸವೆಲ್ಲ ಹಾಳು. ಫ್ರಿಂಜ್ ಗೇಣುದ್ದಕ್ಕಿಂತ ಕಡಿಮೆ ಇರಲಿ. ಉದ್ದವಾದರೆ ಅದು ಸೊಂಟಕ್ಕಿಂತ ತಡವಾಗಿ ತೂಗಿ ಶಿಮ್ಮಿಯನ್ನು ಮಂಕು ಮಾಡುತ್ತದೆ. ಕೈರೋದಲ್ಲಿ ಹೊಟ್ಟೆಗೆ ನೆಟ್ ಹಾಕಬೇಕೆಂಬ ನಿಯಮ ಇದೆಯಲ್ಲ, ಅದನ್ನೂ ಹಾಕಿ ನೋಡಿದೆ. ಬಿಗಿ ನೆಟ್ ನಡುಕವನ್ನೇ ನುಂಗಿಬಿಟ್ಟಿತು. ಸಡಿಲ ನೆಟ್ ಪರವಾಗಿಲ್ಲ, ಬೆಳಕು ಬಿದ್ದಾಗ ನಡುಕ ಇನ್ನೂ ಚೆನ್ನಾಗಿ ಕಾಣುತ್ತದೆ. ಇದೆಲ್ಲ ಕಲಿಯುವಷ್ಟರಲ್ಲಿ ಏಳೆಂಟು ಶೋಗಳ ಸಂಭಾವನೆ ಮುಗಿದಿತ್ತು. ಈ ಗಲಾಟೆಯಲ್ಲೇ ಮೈಮೇಲೆ ಕತ್ತಿ ಬೀಳದ ಹಾಗೆ ಕೂರಿಸಿ ಕುಣಿಯುವುದನ್ನೂ ಶುರುಮಾಡಿದೆ. ಅಗಲ ಸೊಂಟದ ಮೇಲೆ ಕತ್ತಿ ಎಷ್ಟು ಚೆನ್ನಾಗಿ ಕೂರುತ್ತದೆ ಗೊತ್ತಾ? ಅದು ಬೇರೆಯೇ ಐಟಂ ಆಗಿದೆ.

ಇಷ್ಟೆಲ್ಲ ಸರಿಯಿದ್ದರೂ ಸ್ಟೇಜ್ ಹತ್ತುವ ಮುಂಚೆಯೇ ಕೆಡಿಸುವವರು ಇದ್ದಾರೆ. ನಿರೂಪಕರೊಬ್ಬರು ನನ್ನನ್ನು ಕರೆಯುವಾಗ ಸ್ಟೇಜ್ ತಡೆಯುತ್ತಾ ಅಂತ ಕೇಳಿ ನಗಿಸಿದರು. ಆ ಸಂಜೆಯ ಐಟಂ ಅಲ್ಲಿಗೇ ಮುಗಿಯಿತು. ಈಗ ನನ್ನ ಪರಿಚಯದ ಎರಡು ಸಾಲು ನಾನೇ ಬರೆದುಕೊಡುತ್ತೇನೆ. ಅದರ ಆಚೆ ಒಂದು ಪದ ಇಲ್ಲ ಅಂತ ಒಪ್ಪಂದದಲ್ಲೇ ಇರುತ್ತದೆ. ಅರ್ಧ ದುಡ್ಡು ಮುಂಗಡ, ಉಳಿದದ್ದು ಮೇಕಪ್ ತೆಗೆಯುವ ಮುಂಚೆ. ಶೋ ಮುಂಚೆಯೂ ಆಮೇಲೂ ಮೈಮೇಲೆ ನಿಲುವಂಗಿ. ಕಾಸ್ಟ್ಯೂಮ್‌ನಲ್ಲಿ ಜನರ ಮಧ್ಯೆ ಓಡಾಡಿದರೆ ಹೊಟ್ಟೆ ಬಗ್ಗೆ ಮಾತಾಡಲು ಎಲ್ಲರಿಗೂ ಸಲಿಗೆ ಬರುತ್ತದೆ. ಬೇರೆ ಡಾನ್ಸರ್‌ಗಳ ರೇಟ್‌ಗಿಂತ ಒಂದು ಪೈಸೆ ಕಡಿಮೆಗೆ ಒಪ್ಪುವುದಿಲ್ಲ. ಒಪ್ಪದೆ ಕಳೆದುಕೊಂಡ ಕೆಲಸ ಮೊದಲ ವರ್ಷ ಹತ್ತಕ್ಕೆ ಆರು ಇದ್ದಿರಬೇಕು. ಈಗ ಒಂದೋ ಎರಡೋ.

ನಗು ಬೆರೆಸಿದರೆ ರಕ್ಸ್ ಶರ್ಕಿಯ, ಅಂದರೆ ಬೆಲ್ಲಿ ಡಾನ್ಸಿನ, ಮರ್ಯಾದೆ ಹೋಗುತ್ತದೆ ಅನ್ನುವವರಿಗೆ ನಾನು ಬದಿಯಾ ಮಸಾಬ್ನಿ ಹೆಸರು ಹೇಳುತ್ತೇನೆ. 1926ರಲ್ಲಿ ಕೈರೋದಲ್ಲಿ ಅವರು ತೆರೆದ ಕ್ಲಬ್ಬಿನಲ್ಲಿ ಹಾಡು, ಕುಣಿತ, ನಗೆ ಎಲ್ಲ ಒಂದೇ ಸ್ಟೇಜ್ ಮೇಲೆ. ಹೆಸರಾಂತ ಡಾನ್ಸರ್‌ಗಳಾದ ತಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್ ಅಲ್ಲಿಂದಲೇ ಬಂದವರು. ಅವರ ಮರ್ಯಾದೆ ಎಲ್ಲೂ ಹೋಗಲಿಲ್ಲ.

ಈ ಐಟಂನ ದೊಡ್ಡ ಖರ್ಚು ದರ್ಬುಕದವನೇ. ನನ್ನ ಸಂಭಾವನೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಅವನಿಗೆ ಹೋಗುತ್ತದೆ. ಬೇಜಾರಿಲ್ಲ, ಪೆಟ್ಟು ತಿನ್ನುವ ಪಾತ್ರ ಅವನದು. ಅವನು ಸಿಗದ ದಿನಕ್ಕೆ ರೆಕಾರ್ಡಿಂಗ್ ಮೇಲೆ ಪ್ರಯತ್ನ ನಡೆದಿದೆ. ದುಮ್ ಆದ ಮೇಲೆ ಮೂರು ಸೆಕೆಂಡು ಖಾಲಿ ಬಿಟ್ಟು ತೆಕ್ ಸೇರಿಸಿ, ಅದೇ ನೋಟವನ್ನು ಸ್ಪೀಕರ್ ಮೇಲೆ ಬೀರುತ್ತೇನೆ. ಸ್ಪೀಕರ್ ನಾನು ನೋಡುವ ಕಡೆಯೇ ಇದ್ದರೆ ನಗು ಬರುತ್ತದೆ, ಮೇಲೆ ನೇತುಹಾಕಿದ್ದರೆ ಇಲ್ಲ. ಅದಕ್ಕೀಗ ಸೌಂಡಿನವರಿಗೆ ಮೊದಲೇ ಫೋನ್ ಮಾಡಿ, ಒಂದು ಸ್ಪೀಕರ್ ನೆಲದ ಮೇಲೆ ಇಡಿ ಅಂತ ಕೇಳುತ್ತಿದ್ದೇನೆ.