ವಿಶೇಷ ಶಿಕ್ಷಣದ ಓದು: ಕೋರ್ಸ್ ಮುಗಿಯುವುದರೊಳಗೆ ಕೈಗೆ ಹತ್ತಬೇಕಾದ ಕೆಲಸ

ವಿಶೇಷ ಶಿಕ್ಷಣದ ಕೋರ್ಸಿಗೆ ಸೇರಿದವರು ಮೊದಲ ವರ್ಷ ಹೆಚ್ಚಾಗಿ ಮಾಡುವುದು ವೈಕಲ್ಯಗಳ ಹೆಸರು, ಲಕ್ಷಣ, ಕಾರಣ ಉರು ಹೊಡೆಯುವ ಕೆಲಸ. ಪರೀಕ್ಷೆಗೆ ಅದು ಬೇಕು, ಬೇಡವೆನ್ನುವಂತಿಲ್ಲ. ಆದರೆ ಡೌನ್ ಸಿಂಡ್ರೋಮ್‌ಗೆ ಹೆಚ್ಚುವರಿ 21ನೇ ಕ್ರೋಮೋಸೋಮ್ ಕಾರಣ ಎಂದು ಗೊತ್ತಿದ್ದ ಮಾತ್ರಕ್ಕೆ ಎದುರಿಗೆ ಕೂತ ಮಗುವಿಗೆ ಶರ್ಟಿನ ಗುಂಡಿ ಹಾಕಲು ಕಲಿಸಲು ಬರುವುದಿಲ್ಲ. ಮಗುವಿಗೆ ಇವತ್ತು ಏನು ಬರುತ್ತದೆ, ಮುಂದೆ ಏನು ಬರಬೇಕು, ಅದು ಬಂತೆಂದು ಹೇಗೆ ಗೊತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವುದೇ ಈ ವೃತ್ತಿ. ಅದಕ್ಕೇ ನಾನು ಥಿಯರಿ ನೋಟ್ಸಿಗಿಂತ ಮಕ್ಕಳ ಜೊತೆ ಮಾಡುವ ಪ್ರಾಯೋಗಿಕ ತರಬೇತಿಯ, ಅಂದರೆ ಪ್ರಾಕ್ಟಿಕಮ್‌ನ ದಾಖಲೆ ಪುಸ್ತಕವನ್ನೇ ಹೆಚ್ಚು ಜೋಪಾನ ಮಾಡಿದ್ದು. ತರಬೇತಿಗೆ ಬರುವವರಿಗೂ ಅದನ್ನೇ ಹೇಳುತ್ತೇನೆ.

ಶುರುವಾಗುವುದು ನೋಡುವುದರಿಂದ. ‘ಹುಡುಗನಿಗೆ ಸಿಟ್ಟು ಬಂತು, ಹಟ ಮಾಡಿದ’ ಎಂದು ಬರೆದರೆ ಅದು ನೋಡಿದ್ದಲ್ಲ, ಊಹಿಸಿದ್ದು. ‘ಬರೆಯಲು ಹಾಳೆ ಕೊಟ್ಟ ತಕ್ಷಣ ಪೆನ್ಸಿಲ್ ಎಸೆದ, ಮೇಜಿನ ಕೆಳಗೆ ಹೋಗಿ 2 ನಿಮಿಷ ಕೂತ, ಟೀಚರ್ ಹಾಳೆ ತೆಗೆದಿಟ್ಟರು, ಹೊರಗೆ ಬಂದ’ ಎಂದು ಬರೆದರೆ ಕಾರಣ ಅದರಲ್ಲೇ ಕಾಣಿಸುತ್ತದೆ. ಹಾಳೆಗೆ ಮೂರು ಕಾಲಂ ಹಾಕಿಕೊಳ್ಳಿ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಏಳೆಂಟು ಸಲ ಹೀಗೆ ಬರೆದ ಮೇಲೆ ಮೂರನೇ ಕಾಲಂ ಮಾತ್ರ ಮೇಲಿಂದ ಕೆಳಗೆ ಓದಿ. ಪ್ರತಿ ಸಲವೂ ಕೆಲಸ ತಪ್ಪಿದ್ದರೆ ಮಗು ಕೆಲಸದಿಂದ ಪಾರಾಗಲು ಹಾಗೆ ಮಾಡುತ್ತಿದೆ. ಪ್ರತಿ ಸಲವೂ ಯಾರಾದರೂ ಓಡಿ ಬಂದಿದ್ದರೆ ಗಮನ ಬೇಕಾಗಿದೆ. ವಸ್ತು ಸಿಕ್ಕಿದ್ದರೆ ವಸ್ತುವಿಗಾಗಿ. ಯಾರೂ ಇಲ್ಲದಾಗಲೂ ನಡೆಯುತ್ತಿದ್ದರೆ ಆ ಚಲನೆ ಅಥವಾ ಸದ್ದೇ ಅದಕ್ಕೆ ಹಿತವಾಗಿರಬಹುದು. ಇದನ್ನು ಗುರುತಿಸದೆ ‘ಕ್ಲಾಸಿನಿಂದ ಹೊರಗೆ ನಿಲ್ಲು’ ಎಂದರೆ ಪಾರಾಗಲು ನೋಡುತ್ತಿದ್ದ ಮಗುವಿಗೆ ಕೇಳಿದ್ದನ್ನೇ ಕೊಟ್ಟ ಹಾಗೆ. ಮರುದಿನ ಪೆನ್ಸಿಲ್ ಇನ್ನೂ ಬೇಗ ಹಾರುತ್ತದೆ.

ಅಳತೆಯ ವಿಧಾನ ವರ್ತನೆಗೆ ತಕ್ಕ ಹಾಗಿರಬೇಕು. ಹೊಡೆಯುವುದು, ಎಸೆಯುವುದು ಇಂಥವಕ್ಕೆ ಎಣಿಕೆ ಸಾಕು. ಅಳುವಿಗೆ ಎಣಿಕೆ ಹಾಕಿದರೆ ಮೋಸ ಹೋಗುತ್ತೀರಿ, ಏಕೆಂದರೆ 40 ನಿಮಿಷದ ಒಂದು ಅಳು ಪುಸ್ತಕದಲ್ಲಿ ‘1’ ಎಂದೇ ಕಾಣುತ್ತದೆ. ಅಲ್ಲಿ ಅವಧಿ ಬರೆಯಬೇಕು. ಹೇಳಿದ ಮೇಲೆ ಕೆಲಸ ಶುರು ಮಾಡಲು ತಡವಾಗುವ ಮಗುವಿಗೆ ಹೇಳಿದ ಕ್ಷಣದಿಂದ ಶುರುವಿನ ತನಕದ ಸೆಕೆಂಡುಗಳನ್ನು ಅಳೆಯಿರಿ. ಒಬ್ಬರೇ ಪಾಠ ಮಾಡುತ್ತ ದಾಖಲೆಯನ್ನೂ ಬರೆಯಬೇಕಾದರೆ ಫೋನಿನಲ್ಲಿ 2 ನಿಮಿಷಕ್ಕೊಮ್ಮೆ ನಡುಗುವ ಟೈಮರ್ ಇಟ್ಟುಕೊಂಡು, ಅದು ನಡುಗಿದ ಆ ಕ್ಷಣದಲ್ಲಿ ಮಗು ಕೆಲಸದಲ್ಲಿದೆಯೋ ಇಲ್ಲವೋ ಎಂದಷ್ಟೇ ಗುರುತು ಹಾಕುವುದು ಸುಲಭ.

ಬೇಸ್‌ಲೈನ್ (ಕಲಿಸುವ ಮೊದಲು ಮಗುವಿಗೆ ಎಷ್ಟು ಬರುತ್ತದೆಂಬ ಅಂಕಿ) ತೆಗೆಯುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ: ಪರೀಕ್ಷಿಸುತ್ತಲೇ ಪಾಠ ಶುರುವಾಗಿಬಿಡುತ್ತದೆ. ಮಗು ತಪ್ಪು ಚಿತ್ರ ಮುಟ್ಟಿದಾಗ ‘ಅಲ್ಲ ಪುಟ್ಟ, ಇನ್ನೊಂದು ಸಲ ನೋಡು’ ಅಂದರೆ ಆ ಅಂಕಿ ಕೆಟ್ಟಿತು. ಬೇಸ್‌ಲೈನಿನಲ್ಲಿ ಸರಿಗೂ ತಪ್ಪಿಗೂ ಮುಖಭಾವ ಒಂದೇ ಇರಬೇಕು. ಸುಮ್ಮನೆ ಕೂತು ಪ್ರಯತ್ನಿಸಿದ್ದಕ್ಕೆ ಮಾತ್ರ ಮೆಚ್ಚುಗೆ ಹೇಳಿ. ಕಡಿಮೆಯೆಂದರೆ ಮೂರು ಬೇರೆ ಬೇರೆ ಹೊತ್ತಿನಲ್ಲಿ ತೆಗೆಯಿರಿ. ಒಂದು ದಿನದ್ದನ್ನೇ ನಂಬಿದರೆ ಆವತ್ತು ಮಗು ನಿದ್ದೆಗೆಟ್ಟಿತ್ತೋ ಏನೋ ಗೊತ್ತಾಗುವುದಿಲ್ಲ.

ಇನ್ನು ವೈಯಕ್ತಿಕ ಶಿಕ್ಷಣ ಯೋಜನೆ, ಎಲ್ಲರೂ ಕರೆಯುವ ಹಾಗೆ ಐಇಪಿ. ‘ದಿನನಿತ್ಯದ ಕೌಶಲ ಸುಧಾರಿಸುವುದು’ ಎಂದು ಬರೆದ ಗುರಿಯಿಂದ ಯಾರಿಗೂ ಏನೂ ಪ್ರಯೋಜನವಿಲ್ಲ. ಯಾವ ಸನ್ನಿವೇಶದಲ್ಲಿ, ಏನು ಮಾಡಬೇಕು, ಎಷ್ಟರ ಮಟ್ಟಿಗೆ ಎಂಬುದು ಒಂದೇ ವಾಕ್ಯದಲ್ಲಿರಬೇಕು. ‘ತಾನು ತೊಟ್ಟ ಶರ್ಟಿನ ಎದೆ ಭಾಗದ 3 ಗುಂಡಿಗಳನ್ನು, ಯಾರ ಸಹಾಯವೂ ಇಲ್ಲದೆ, 3 ನಿಮಿಷದೊಳಗೆ ಹಾಕಿಕೊಳ್ಳುವುದು, ಸತತ 3 ದಿನ.’ ಎಲ್ಲದಕ್ಕೂ ಕಣ್ಣುಮುಚ್ಚಿ ‘80% ನಿಖರತೆ’ ಎಂದು ಬರೆಯುವ ಚಾಳಿಯೊಂದಿದೆ, ಅದನ್ನು ಬಿಡಿ. ಅಕ್ಷರ ಗುರುತಿಸಲು 80% ನಡೆದೀತು. ರಸ್ತೆ ದಾಟುವುದರಲ್ಲಿ 80% ಎಂದರೆ ಐದು ಸಲಕ್ಕೆ ಒಮ್ಮೆ ಗಾಡಿಗೆ ಸಿಗುವುದು ಎಂದರ್ಥ.

ಆ ಗುಂಡಿಯ ಕೆಲಸವನ್ನೇ ಬಿಡಿಸಿ ನೋಡೋಣ. ಗುಂಡಿ ಬಲಕ್ಕೆ, ಕಾಜ ಎಡಕ್ಕೆ ಇರುವ ಶರ್ಟು ಎಂದುಕೊಳ್ಳಿ. ಎಡಗೈಯ ಎರಡು ಬೆರಳಲ್ಲಿ ಕಾಜದ ಅಂಚು ಹಿಡಿಯಬೇಕು, ಬಲಗೈಯಲ್ಲಿ ಗುಂಡಿಯ ಅಂಚು. ಗುಂಡಿಯನ್ನು ಓರೆ ಮಾಡಿ ಕಾಜದೊಳಗೆ ಅರ್ಧ ತೂರಿಸಬೇಕು. ಈಗ ಕೈ ಬದಲಾಗುತ್ತದೆ: ಹೊರಬಂದ ಅರ್ಧವನ್ನು ಎಡಗೈ ಹಿಡಿಯಬೇಕು, ಬಲಗೈ ಗುಂಡಿ ಬಿಟ್ಟು ಬಟ್ಟೆಯ ಅಂಚಿಗೆ ಹೋಗಬೇಕು. ಆಮೇಲೆ ಗುಂಡಿಯನ್ನು ಪೂರ್ತಿ ಎಳೆಯುವುದು. ಕೆಲಸವನ್ನು ಹೀಗೆ ಹೆಜ್ಜೆಗಳಾಗಿ ಬಿಡಿಸುವುದೇ ಟಾಸ್ಕ್ ಅನಾಲಿಸಿಸ್. ವಿದ್ಯಾರ್ಥಿಗಳು ಬರೆದು ತರುವ ಟಾಸ್ಕ್ ಅನಾಲಿಸಿಸ್‌ನಲ್ಲಿ ಈ ಕೈ ಬದಲಾಗುವ ಹೆಜ್ಜೆಯೇ ಇರುವುದಿಲ್ಲ, ಮಗು ಸಿಕ್ಕಿಕೊಳ್ಳುವುದೂ ಸರಿಯಾಗಿ ಅಲ್ಲೇ. ಆದ್ದರಿಂದ ತಲೆಯಿಂದ ಬರೆಯಬೇಡಿ. ಬಟ್ಟೆ ಕೈಯಲ್ಲಿ ಹಿಡಿದು, ನಿಧಾನವಾಗಿ ಮಾಡುತ್ತ, ಪ್ರತಿ ಬೆರಳು ಎಲ್ಲಿದೆ ನೋಡಿಕೊಂಡು ಬರೆಯಿರಿ. ಗುಂಡಿ ಎಡಕ್ಕಿರುವ ಬಟ್ಟೆಯಾದರೆ ಮತ್ತೆ ಹೊಸದಾಗಿ ಬರೆಯಿರಿ.

ಕಲಿಸುವುದು ಹಿಂದಿನಿಂದ ಮುಂದಕ್ಕೆ. ಎಲ್ಲ ಹೆಜ್ಜೆ ನೀವೇ ಮಾಡಿ, ಕೊನೆಯ ಎಳೆತ ಮಾತ್ರ ಮಗುವಿಗೆ ಬಿಡಿ. ಅದು ಕುದುರಿದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆಗಿರುತ್ತದೆ, ಆ ಖುಷಿಗೆ ಮುಂದಿನ ಸಲ ಕೈ ತಾನಾಗಿ ಬರುತ್ತದೆ. ಮೊದಲಿಗೆ 2.5 ಸೆಂ.ಮೀ. ಅಗಲದ ಚಪ್ಪಟೆ ಗುಂಡಿ, ಸಡಿಲ ಕಾಜ ಇರಲಿ. ಅಭ್ಯಾಸದ ಬೋರ್ಡನ್ನು ಮಗುವಿನ ಎದುರಿಗೆ ನಿಲ್ಲಿಸಿ ಕಲಿಸಬೇಡಿ. ಮೈಮೇಲಿನ ಬಟ್ಟೆಗೆ ಹೋಲಿಸಿದರೆ ಅದರಲ್ಲಿ ಎಡ ಬಲ ಅದಲುಬದಲು. ಬೋರ್ಡಿನಲ್ಲಿ ಕಲಿತ ಮಗು ತನ್ನ ಶರ್ಟಿನಲ್ಲಿ ಮೊದಲಿಂದ ಕಲಿಯಬೇಕಾಗುತ್ತದೆ. ಹಳೆಯ ಶರ್ಟನ್ನು ಬಟ್ಟೆಯ ಮೇಲೆಯೇ ತೊಡಿಸಿ, ನೀವು ಮಗುವಿನ ಹಿಂದೆ ಕೂತು ಸಹಾಯ ಮಾಡಿ.

ಹೀಗೆ ಮಾಡುವ ಸಹಾಯಕ್ಕೆ ಹೆಸರು ಪ್ರಾಂಪ್ಟ್. ಪೂರ್ತಿ ಕೈ ಹಿಡಿಯುವುದು, ಮೊಣಕೈ ಮುಟ್ಟುವುದು, ಮಾಡಿ ತೋರಿಸುವುದು, ಸನ್ನೆ, ಮಾತು, ಕೊನೆಗೆ ಸ್ವತಂತ್ರ: ಇದು ಎಲ್ಲರೂ ಓದುವ ಕ್ರಮ. ಪುಸ್ತಕಗಳು ಮಾತನ್ನು ಹಗುರವಾದ ಸಹಾಯವೆಂದು ಇಡುತ್ತವೆ. ನನ್ನ ಪ್ರಕಾರ ಬಿಡಿಸಲು ಅತಿ ಕಷ್ಟ ಅದೇ, ಏಕೆಂದರೆ ಕಲಿಸುವವರ ಬಾಯಿ ನಿಲ್ಲುವುದಿಲ್ಲ. ‘ಹಿಡಿ, ತಿರುಗಿಸು, ಹಾಂ, ಎಳಿ’ ಎನ್ನುತ್ತ ಹೋದರೆ ಆ ಮಾತೂ ಕೆಲಸದ ಒಂದು ಭಾಗವಾಗಿ, ಮಾತು ನಿಂತಾಗ ಕೈಯೂ ನಿಲ್ಲುತ್ತದೆ. ಸ್ವಸಹಾಯದ ಕೆಲಸಗಳಲ್ಲಿ ಶುರುವಿಗೆ ಒಂದೇ ಸೂಚನೆ ಕೊಟ್ಟು ಮೌನವಾಗಿ ಕೈಯಿಂದಲೇ ಸಹಾಯ ಮಾಡಿ. ಮೊದಲು ತಡವಿಲ್ಲದೆ ಸಹಾಯ, ಕೆಲವು ದಿನಗಳ ಮೇಲೆ 4-5 ಸೆಕೆಂಡು ಕಾದು ಸಹಾಯ. ಈ 5 ಸೆಕೆಂಡು ಮನಸ್ಸಿನಲ್ಲೇ ಎಣಿಸಿ, ಇಲ್ಲದಿದ್ದರೆ ಒಂದೂವರೆಗೇ ಕೈ ಮುಂದೆ ಹೋಗುತ್ತದೆ. ಮಗು ಸಾಮಾನಿನ ಬದಲು ನಿಮ್ಮ ಮುಖ ನೋಡಲು ಶುರು ಮಾಡಿದರೆ ಪ್ರಾಂಪ್ಟಿಗೆ ಅಂಟಿಕೊಂಡಿದೆ ಎಂದೇ ತಿಳಿಯಿರಿ. ಚಿತ್ರದ ಕಾರ್ಡುಗಳಲ್ಲಿ ಸರಿಯಾದದ್ದನ್ನು ಆರಿಸಲು ಹೇಳುವಾಗ ಇನ್ನೊಂದು ಬಗೆಯ ಮೋಸವಿದೆ: ಸರಿ ಉತ್ತರವನ್ನು ನಮಗರಿವಿಲ್ಲದೆ ಒಂದೇ ಬದಿಗೆ ಇಡುತ್ತೇವೆ, ಅಥವಾ ಕಣ್ಣು ಅದರ ಮೇಲೇ ಹೋಗುತ್ತದೆ. ಜಾಗದ ಕ್ರಮವನ್ನು ಮೊದಲೇ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಈ ತೊಂದರೆ ತಪ್ಪುತ್ತದೆ.

ಮಾತು ಬಾರದ ಮಗು ಚಿತ್ರ ಕೊಟ್ಟು ಬೇಕಾದ್ದನ್ನು ಪಡೆಯುವ ಚಿತ್ರ ವಿನಿಮಯ ವಿಧಾನದಲ್ಲೂ, ಅಂದರೆ 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್‌ನಲ್ಲೂ, ಕೆಡುವುದು ಮಾತಿನಿಂದಲೇ. ಅದರ ಮೊದಲ ಹಂತಕ್ಕೆ ಇಬ್ಬರು ದೊಡ್ಡವರು ಬೇಕು. ಎದುರಿಗಿರುವವರ ಕೈಯಲ್ಲಿ ಮಗುವಿಗೆ ಇಷ್ಟದ ವಸ್ತು, ಹಿಂದಿರುವವರು ಮಗುವಿನ ಕೈ ಹಿಡಿದು ಚಿತ್ರ ಎತ್ತಿ ಕೊಡಿಸುವವರು. ಎದುರಿಗಿರುವವರು ‘ಏನು ಬೇಕು?’ ಎಂದು ಕೇಳಬಾರದು. ಕೇಳಿದರೆ ಮಗು ಕಲಿಯುವುದು ಕೇಳಿದಾಗ ಉತ್ತರಿಸಲು, ತಾನಾಗಿ ಬೇಡಲು ಅಲ್ಲ. ಇನ್ನು ಇಷ್ಟದ ವಸ್ತು ಯಾವುದೆಂದು ತಾಯಿಯನ್ನು ಕೇಳಿ ಬಿಟ್ಟರೆ ಸಾಲದು. 6 ವಸ್ತು ತೆಗೆದುಕೊಂಡು ಎರಡೆರಡಾಗಿ ಮುಂದಿಟ್ಟರೆ 15 ಜೋಡಿಯಾಗುತ್ತದೆ. ಯಾವುದನ್ನು ಎಷ್ಟು ಸಲ ಆರಿಸಿತು ಎಂದು ಎಣಿಸಿ. ಅದರಲ್ಲಿ ಮೇಲೆ ಬಂದದ್ದನ್ನು ಬೇರೆ ಹೊತ್ತಿನಲ್ಲಿ ಸುಲಭವಾಗಿ ಸಿಗದಂತೆ ಇಡದಿದ್ದರೆ ಪಾಠದಲ್ಲಿ ಅದಕ್ಕೆ ಬೆಲೆ ಇರುವುದಿಲ್ಲ.

ಯಾವ ವಿಭಾಗ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ: ಆ ವಿಭಾಗದ ದಿನದ ಸಣ್ಣ ಕೆಲಸ ನೋಡಿ ಆರಿಸಿಕೊಳ್ಳಿ. ದೃಷ್ಟಿದೋಷದ ವಿಭಾಗಕ್ಕೆ ಹೋದರೆ ಬೆರಳಿನಿಂದ ಓದುವ ಬ್ರೈಲ್ ಲಿಪಿ ಬರಲೇಬೇಕು. ಆರು ಚುಕ್ಕಿಯಿಂದ ಆಗುವುದು 63 ಆಕೃತಿ, ಕಣ್ಣಿನಿಂದ ಓದುವುದು ಬೇಗ ಬರುತ್ತದೆ. ಕಷ್ಟ ಇರುವುದು ಬ್ರೈಲ್ ಬರೆಯುವ ಚೌಕಟ್ಟು ಮತ್ತು ಚುಚ್ಚುಮೊಳೆಯಲ್ಲಿ, ಅಂದರೆ ಸ್ಲೇಟು ಮತ್ತು ಸ್ಟೈಲಸ್‌ನಲ್ಲಿ: ಬಲದಿಂದ ಎಡಕ್ಕೆ, ಕನ್ನಡಿಯಂತೆ ತಿರುಗಿಸಿ ಚುಚ್ಚಬೇಕು. ಶ್ರವಣದೋಷದ ವಿಭಾಗವಾದರೆ ಪ್ರತಿ ಬೆಳಗ್ಗೆ ಪಾಠಕ್ಕೆ ಮೊದಲು ಶ್ರವಣಯಂತ್ರ ನೋಡಬೇಕು. ಝಿಂಕ್-ಏರ್ ಬ್ಯಾಟರಿಯಾದರೆ ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ. ಮೋಲ್ಡಿನ, ಅಂದರೆ ಕಿವಿಯೊಳಗೆ ಕೂರುವ ಅಚ್ಚಿನ, ತೂತಿನಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿ. ಬಳಿಕ, ಮಾತಿನ ತಗ್ಗು ಮತ್ತು ಎತ್ತರದ ಸದ್ದುಗಳು ಕೇಳಿಸುತ್ತಿವೆಯೇ ಎಂದು ನೋಡಲು, ಡೇನಿಯಲ್ ಲಿಂಗ್‌ನ ಆರು ಸದ್ದು: ಮ್, ಊ, ಆ, ಈ, ಶ್, ಸ್. ತುಟಿ ಕಾಣದಂತೆ, ಆದರೆ ಸದ್ದು ಮುಚ್ಚಿಹೋಗದಂತೆ ಹೇಳಬೇಕು. ಅಂಗೈ ಅಡ್ಡ ಹಿಡಿದರೆ ಸ್ ಸತ್ತೇ ಹೋಗುತ್ತದೆ, ತೆಳುವಾದ ಸ್ಪೀಕರ್ ಬಟ್ಟೆ ಕಟ್ಟಿದ ಬಳೆ ಒಳ್ಳೆಯದು. ಸದ್ದುಗಳ ನಡುವಿನ ಅಂತರ ಬದಲಿಸುತ್ತಿರಿ, ನಡುವೆ ಸುಮ್ಮನಿದ್ದೂ ನೋಡಿ. ಒಂದೇ ಲಯದಲ್ಲಿ ಹೇಳಿದರೆ ಮಗು ಕೇಳದೆಯೇ ತಲೆ ಆಡಿಸುತ್ತದೆ. ನಿನ್ನೆ ಕೇಳಿಸುತ್ತಿದ್ದ ಶ್, ಸ್ ಇವತ್ತು ಕೇಳಿಸದಿದ್ದರೆ ಪಾಠ ನಿಲ್ಲಿಸಿ ಯಂತ್ರ ನೋಡಿ. ಯಂತ್ರ ಸರಿಯಿದ್ದರೆ ಶ್ರವಣ ತಜ್ಞರಿಗೆ ತಿಳಿಸಿ.

ಕಲಿಕಾ ನ್ಯೂನತೆಯ ವಿಭಾಗಕ್ಕೆ ಹೋಗುವವರು ತಪ್ಪುಗಳನ್ನು ವಿಂಗಡಿಸುವುದನ್ನು ಕಲಿಯಬೇಕು. 100 ಪದದ ಭಾಗ ಓದಿಸಿ, 90ಕ್ಕಿಂತ ಕಡಿಮೆ ಸರಿಯಿದ್ದರೆ ಆ ಪುಸ್ತಕ ಮಗುವಿಗೆ ಭಾರ. ಕನ್ನಡ ಓದುವ ಮಗುವಿನಲ್ಲಿ ದೀರ್ಘ ಬಿಡುವುದು, ಒತ್ತಕ್ಷರ ಬಿಡುವುದು, ಸಜಾತೀಯ ಮತ್ತು ವಿಜಾತೀಯ ಒತ್ತಿನಲ್ಲಿ ತಪ್ಪುವುದು ಇವನ್ನು ಬೇರೆ ಬೇರೆ ಎಣಿಸಿ. ಮಹಾಪ್ರಾಣ ಬಿಟ್ಟರೆ ಮಾತ್ರ ಅವಸರ ಬೇಡ. ಮನೆಮಾತಿನಲ್ಲಿ ಇಲ್ಲದ ಸದ್ದನ್ನು ಬರಹದಲ್ಲಿ ಬಿಟ್ಟರೆ ಅದೊಂದರಿಂದಲೇ ಓದು ಬರಹದ ನ್ಯೂನತೆ, ಅಂದರೆ ಡಿಸ್‌ಲೆಕ್ಸಿಯಾ ಎನ್ನಲಾಗದು.

ವೈಕಲ್ಯಕ್ಕೆ ಹೆಸರಿಡುವ ಕೆಲಸ ನಮ್ಮದಲ್ಲ ಎಂಬುದನ್ನೂ ಓದುವಾಗಲೇ ರೂಢಿಸಿಕೊಳ್ಳಬೇಕು. ನಾವು ಹೇಳುವುದು ಕಲಿಕೆಯ ಮಟ್ಟ. ಬುದ್ಧಿಮತ್ತೆಯ ಪರೀಕ್ಷೆ ಮನಶ್ಶಾಸ್ತ್ರಜ್ಞರದ್ದು, ಮಾತಿನ ಚಿಕಿತ್ಸೆ ಮತ್ತು ಆಕ್ಯುಪೇಶನಲ್ ಥೆರಪಿ ಬೇರೆಯೇ ಪದವಿಗಳು. ವಿಶೇಷ ಶಿಕ್ಷಣ ಓದಿ ಅವನ್ನು ಮಾಡುತ್ತೇನೆಂದು ಬೋರ್ಡು ಹಾಕುವಂತಿಲ್ಲ. ನಮಗಿರುವ ದಾರಿಗಳೂ ಕಡಿಮೆಯಿಲ್ಲ: ವಿಶೇಷ ಶಾಲೆ, ಸಾಮಾನ್ಯ ಶಾಲೆಯ ರಿಸೋರ್ಸ್ ರೂಮ್ (ವಿಶೇಷ ಮಕ್ಕಳಿಗೆ ಪ್ರತ್ಯೇಕವಾಗಿ ಕಲಿಸುವ ಕೊಠಡಿ), ಪುಟ್ಟ ಮಕ್ಕಳ ಆರಂಭಿಕ ತರಬೇತಿ, ಹದಿಹರೆಯದವರ ಉದ್ಯೋಗ ತಯಾರಿ, ಸಹಾಯಕ ತಂತ್ರಜ್ಞಾನ. ಎಲ್ಲಿ ಕೆಲಸ ಮಾಡಬೇಕೆಂದಿದ್ದೀರೋ ಅಲ್ಲಿನ ನೋಂದಣಿ ಸಂಸ್ಥೆ ನಿಮ್ಮ ಕೋರ್ಸನ್ನು, ಅದರ ಪ್ರಾಕ್ಟಿಕಮ್ ಗಂಟೆಗಳನ್ನು ಒಪ್ಪುತ್ತದೆಯೇ ಎಂದು ಫೀಸು ಕಟ್ಟುವ ಮೊದಲೇ ನೋಡಿಕೊಳ್ಳಿ.

ಪ್ರಾಕ್ಟಿಕಮ್‌ಗೆ ಕಾಲಿಡುವ ಮುಂಚೆ ಎರಡು ವಿಷಯ ಬಾಯಿಪಾಠ ಇರಲಿ. ಫಿಟ್ಸ್ ಬಂದರೆ ಗಡಿಯಾರ ನೋಡಿ, ತಲೆಯ ಕೆಳಗೆ ಮೆತ್ತಗಿನದ್ದು ಇಡಿ, ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. 5 ನಿಮಿಷ ದಾಟಿದರೆ ಆಂಬ್ಯುಲೆನ್ಸ್. ಮಗು ಕಚ್ಚಿ ಹಿಡಿದರೆ ಕೈ ಎಳೆಯಬೇಡಿ, ಎಳೆದರೆ ಚರ್ಮ ಹರಿಯುತ್ತದೆ. ಕೈಯನ್ನು ಬಾಯಿಯ ಕಡೆಗೇ ಮೆಲ್ಲಗೆ ಒತ್ತಿ, ದವಡೆ ಸಡಿಲವಾಗುತ್ತದೆ.

ಸಂದರ್ಶನಕ್ಕೆ ಇಪ್ಪತ್ತು ಪ್ರಮಾಣಪತ್ರದ ಫೈಲು ಬೇಡ. ಒಂದೇ ಮಗುವಿನ ಪೂರ್ತಿ ಕೇಸ್ ಇರಲಿ: ಬೇಸ್‌ಲೈನ್, ಗುರಿ, ಹೆಜ್ಜೆಗಳು, ದಿನದ ದಾಖಲೆ ಹಾಳೆ, ಗ್ರಾಫ್, ಮತ್ತು ಗ್ರಾಫ್ ಮೇಲೇರದೆ ನಿಂತ ಕಡೆ ನೀವೇನು ಬದಲಿಸಿದಿರಿ ಎಂಬ ಟಿಪ್ಪಣಿ. ಪೋಷಕರ ಲಿಖಿತ ಒಪ್ಪಿಗೆ ಪಡೆದು, ಹೆಸರು, ಹುಟ್ಟಿದ ದಿನ, ಶಾಲೆ, ಮುಖ ಎಲ್ಲವನ್ನೂ ತೆಗೆದಿರಬೇಕು. ಹೆಸರಿಗೆ ಪೆನ್ನಿನಿಂದ ಗೀಚಿದರೆ ಬೆಳಕಿಗೆ ಹಿಡಿದಾಗ ಕಾಣುತ್ತದೆ. ಬೇರೆ ಪ್ರತಿಯನ್ನೇ ಮಾಡಿಸಿ. ಡೆಮೊ ಪಾಠಕ್ಕೆ ಹೊಸ ಮಗುವನ್ನು ಕೊಡುತ್ತಾರೆ, ಹಾಗಾಗಿ ಒಂದೇ ಪಾಠಕ್ಕೆ ಸುಲಭದ್ದು, ನಡುವಿನದ್ದು, ಕಷ್ಟದ್ದು ಎಂದು ಮೂರು ಮಟ್ಟದ ಸಾಮಗ್ರಿ ಚೀಲದಲ್ಲಿರಲಿ. ಮೊದಲ ಮೂರು ನಾಲ್ಕು ನಿಮಿಷ ಪಾಠ ಮಾಡಬೇಡಿ, ಮಗುವಿಗೆ ಏನು ಬರುತ್ತದೆಂದು ನೋಡಿ, ಹಾಳೆಯಲ್ಲಿ ಗುರುತು ಹಾಕಿ. ಎದುರು ಕೂತವರು ನೋಡುವುದು ಚಾರ್ಟಿನ ಬಣ್ಣವನ್ನಲ್ಲ; ಮಗು ಎದ್ದು ಹೋದಾಗ ನೀವು ಮುಂದಿನ ಅರ್ಧ ನಿಮಿಷ ಏನು ಮಾಡುತ್ತೀರಿ ಎಂಬುದನ್ನು.